ರೋಗ ಬಂದ ದಾರಿ ಯಾವುದು?

ಕೊಡಗಿನಲ್ಲಿ ಜೂನ್ ಬಂತು ಅಂದರೆ ಮಳೆ. ಜುಲೈ ಬಂತು ಅಂದರೆ ಜೋರು ಮಳೆ. ಬಟ್ಟೆ ಒಣಗುವುದಿಲ್ಲ. ಸೌದೆ ಹತ್ತುವುದಿಲ್ಲ. ಅದರ ಜೊತೆಗೆ ಮನೆಯಲ್ಲಿ ಒಬ್ಬರಿಗೆ ಜ್ವರ, ಒಬ್ಬರಿಗೆ ಕೆಮ್ಮು, ಮಗುವಿಗೆ ಭೇದಿ. ಆಗ ನಾವೆಲ್ಲ ಕೇಳುವುದು ಒಂದೇ ಮಾತು. "ಅಯ್ಯೋ, ಇದು ಯಾಕೆ ಬಂತಪ್ಪಾ?"

ಉತ್ತರ ಹೇಳುವವರು ಬಹಳ ಜನ ಇದ್ದಾರೆ. ಮಳೆಯಲ್ಲಿ ನೆಂದದ್ದಕ್ಕೆ ಅಂತ ಅತ್ತೆ ಹೇಳುತ್ತಾರೆ. ದೃಷ್ಟಿ ಆಗಿದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹರಕೆ ಬಾಕಿ ಇದೆ ಅಂತ ಅಜ್ಜಿ ಹೇಳುತ್ತಾರೆ. "ನೀನು ಮಗುವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಗಂಡ ಹೇಳುತ್ತಾನೆ. ಕೊನೆಗೆ ತಪ್ಪೆಲ್ಲ ಹೆಂಗಸಿನ ತಲೆ ಮೇಲೆ.

ಅಕ್ಕಂದಿರೇ, ಈ ಪಾಠದಲ್ಲಿ ನಾವು ಪ್ರಶ್ನೆಯನ್ನು ಸ್ವಲ್ಪ ಬದಲಾಯಿಸೋಣ. "ಯಾಕೆ ಬಂತು?" ಅನ್ನುವ ಬದಲು "ಯಾವ ದಾರಿಯಲ್ಲಿ ಬಂತು?" ಅಂತ ಕೇಳೋಣ. ಕಳ್ಳ ಬಂದ ದಾರಿ ಗೊತ್ತಾದರೆ ಆ ಬಾಗಿಲಿಗೆ ಚಿಲಕ ಹಾಕಬಹುದು. ರೋಗವೂ ಹಾಗೆಯೇ.

ಮಳೆಯಲ್ಲಿ ನೆಂದರೆ ಜ್ವರ ಬರುತ್ತದಾ?

ಹರಡುವ ರೋಗಗಳಿಗೆ ಕಾರಣ ರೋಗಾಣು. ಅದು ಬರೀ ಕಣ್ಣಿಗೆ ಕಾಣುವುದಿಲ್ಲ. ಕಾಣದ್ದನ್ನು ನಂಬುವುದು ಹೇಗೆ ಅಂತೀರಾ? ರಾತ್ರಿ ಹಾಲಿಗೆ ಒಂದು ಚಮಚ ಹೆಪ್ಪು ಹಾಕುತ್ತೀರಿ. ಬೆಳಿಗ್ಗೆ ಮೊಸರು ಆಗಿರುತ್ತದೆ. ಹಾಲನ್ನು ಮೊಸರು ಮಾಡಿದ್ದು ಕಣ್ಣಿಗೆ ಕಾಣದ ಜೀವಿಗಳೇ. ಅವು ಒಳ್ಳೆಯವು. ರೋಗಾಣುಗಳು ಕೆಟ್ಟವು. ಅಷ್ಟೇ ವ್ಯತ್ಯಾಸ.

ಮಳೆ ನೀರಿನಲ್ಲಿ ಜ್ವರದ ರೋಗಾಣು ಇಲ್ಲ. ಆದರೆ ಹಿರಿಯರ ಮಾತು ಪೂರ್ತಿ ಸುಳ್ಳೂ ಅಲ್ಲ. ಮಳೆಗಾಲದಲ್ಲಿ ಎಲ್ಲರೂ ಕಿಟಕಿ ಮುಚ್ಚಿ ಒಂದೇ ಕೋಣೆಯಲ್ಲಿ ಕೂರುತ್ತೇವೆ. ಒಬ್ಬರ ಶೀತ ಇನ್ನೊಬ್ಬರಿಗೆ ಬರುತ್ತದೆ. ಮಳೆ ನೀರು ಕೊಳೆಯನ್ನು ಕೊಚ್ಚಿಕೊಂಡು ಬಾವಿಗೆ, ತೋಡಿಗೆ ಇಳಿಯುತ್ತದೆ. ಅಲ್ಲಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಆಗುತ್ತದೆ. ಹಿರಿಯರು ಕಾಲವನ್ನು ಸರಿಯಾಗಿ ಗುರುತಿಸಿದರು. ದಾರಿಯನ್ನು ಗುರುತಿಸಲಿಲ್ಲ.

ಕಕ್ಕಡ ತಿಂಗಳಲ್ಲಿ ನಮ್ಮಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಮಾಡಿ, ತಿನ್ನಿ. ಅದು ನಮ್ಮ ನಾಡಿನ ಚಂದದ ಪದ್ಧತಿ. ಆದರೆ ಪಾಯಸ ತಿಂದೆ, ಇನ್ನು ನೀರು ಕಾಯಿಸುವುದು ಬೇಡ ಅಂತ ಮಾತ್ರ ಅಂದುಕೊಳ್ಳಬೇಡಿ.

ನಮ್ಮ ತೋಡಿನ ನೀರು ಕನ್ನಡಿ ಹಾಗೆ ಇದೆ. ಅದರಲ್ಲಿ ಏನು ರೋಗ?

ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳಬೇಕು. ಯಾಕೆಂದರೆ ನಮ್ಮ ಬೆಟ್ಟದ ನೀರು ನೋಡಲು ನಿಜವಾಗಿಯೂ ಚಂದ. ತಣ್ಣಗೆ, ತಿಳಿಯಾಗಿ ಇರುತ್ತದೆ. ಆದರೆ ತಿಳಿ ನೀರೆಲ್ಲ ಶುದ್ಧ ನೀರಲ್ಲ.

ನಮ್ಮ ಊರುಗಳು ಇಳಿಜಾರಿನಲ್ಲಿ ಇವೆ. ಮೇಲೆ ಒಂದು ಮನೆ, ಕೆಳಗೆ ಒಂದು ಮನೆ. ಮೇಲಿನವರು ಬಯಲಿಗೆ ಹೋದರೆ, ಅಥವಾ ಅವರ ಕಕ್ಕಸು ಗುಂಡಿ ಸೋರಿದರೆ, ಮಳೆ ಬಂದಾಗ ಅದೆಲ್ಲ ಎಲ್ಲಿಗೆ ಹೋಗುತ್ತದೆ? ಕೆಳಗಿನವರ ಬಾವಿಗೆ. ನಾವು ಮೂಗು ಮುಚ್ಚಿಕೊಳ್ಳುವ ವಸ್ತುವೇ ಬಿಂದಿಗೆಗೆ ಬಂತು. ವಾಂತಿ-ಭೇದಿ, ಆಮಶಂಕೆ, ಟೈಫಾಯಿಡ್, ಕಾಲರಾ, ಕಾಮಾಲೆ, ಇವೆಲ್ಲ ಬರುವ ದಾರಿ ಹೆಚ್ಚಾಗಿ ಇದೇ. ಒಬ್ಬರ ಮಲದಿಂದ ಹೊರಟು ಇನ್ನೊಬ್ಬರ ಬಾಯಿಗೆ. ನಡುವೆ ನೀರು, ಕೈ, ನೊಣ.

ನೀರಿನಿಂದ ಬರುವ ಕಾಮಾಲೆಗೆ ಇನ್ನೊಂದು ಮೋಸ ಇದೆ. ಕೊಳೆ ನೀರು ಕುಡಿದ ಮರುದಿನ ಅದು ಬರುವುದಿಲ್ಲ. ಸಾಮಾನ್ಯವಾಗಿ ಎರಡರಿಂದ ಆರು ವಾರ ಬಿಟ್ಟು ಬರುತ್ತದೆ. ಅಷ್ಟು ಹೊತ್ತಿಗೆ ಯಾವ ನೀರು ಕುಡಿದೆವು ಅನ್ನುವುದೇ ಮರೆತು ಹೋಗಿರುತ್ತದೆ. ಸಂತೆಯಲ್ಲಿ ಕುಡಿದದ್ದಾ? ಮದುವೆ ಮನೆಯಲ್ಲಾ? ಅದಕ್ಕೇ ಜನ ದೃಷ್ಟಿ, ದೋಷ ಅನ್ನುತ್ತಾರೆ.

ಕಾಮಾಲೆಗೆ ನಾಟಿ ಮದ್ದು ಕುಡಿದೆ, ವಾಸಿ ಆಯಿತು ಅಂತ ಹೇಳುವವರು ಇದ್ದಾರೆ. ನಿಜ ಏನೆಂದರೆ, ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮದ್ದಿಗೆ ಹೋಗುತ್ತದೆ. ಆದರೆ ಎಲ್ಲರಿಗೂ ಹಾಗೆ ಇಳಿಯುವುದಿಲ್ಲ. ಮುಖ್ಯವಾಗಿ ಬಸುರಿ ಹೆಂಗಸರಿಗೆ. ನೀರಿನಿಂದ ಬರುವ ಒಂದು ಬಗೆಯ ಕಾಮಾಲೆ ಬಸುರಿಯರ ಜೀವಕ್ಕೇ ಅಪಾಯ ತರುತ್ತದೆ. ಬಸುರಿಯ ಕಣ್ಣು ಹಳದಿ ಆದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾರಿಗೇ ಆದರೂ ತುಂಬಾ ಮಂಪರು ಬಂದರೆ, ಮಾತು ತಪ್ಪಿದರೆ, ರಕ್ತ ಬಂದರೆ ಒಂದು ಗಂಟೆಯೂ ಕಾಯಬೇಡಿ.

ಚಿಲಕ ಹಾಕುವುದು ಹೇಗೆ? ಕುಡಿಯುವ ನೀರು ಕೊತಕೊತ ಕುದಿಯಬೇಕು. ಗುಳ್ಳೆ ಎದ್ದ ಮೇಲೆ ಒಂದು ನಿಮಿಷ ಕುದಿದರೆ ಸಾಕು. ಬಿಸಿ ಆದರೆ ಸಾಲದು. ಸೌದೆ ಒದ್ದೆ, ಎಲ್ಲಾ ನೀರನ್ನೂ ಹೇಗೆ ಕುದಿಸುವುದು ಅಂತ ಕೇಳುತ್ತೀರಿ. ಎಲ್ಲಾ ನೀರು ಬೇಡ. ಕುಡಿಯುವಷ್ಟು ಮಾತ್ರ ಕುದಿಸಿ. ಕುದಿಸಿದ ನೀರಿಗೆ ಕೈ ಅದ್ದಬೇಡಿ. ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ಕಕ್ಕಸಿಗೆ ಹೋಗಿ ಬಂದ ಮೇಲೆ, ಮಗುವಿನ ಕುಂಡೆ ತೊಳೆದ ಮೇಲೆ, ಅಡುಗೆಗೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ಹಸುಗೂಸಿನ ಮಲದಲ್ಲಿ ಏನೂ ಇಲ್ಲ ಅಂತ ಅಂಗಳಕ್ಕೆ ಎಸೆಯುತ್ತಾರೆ. ಅದು ತಪ್ಪು. ಅದರಲ್ಲೂ ರೋಗಾಣು ಇರುತ್ತದೆ. ಕಕ್ಕಸು ಗುಂಡಿ ಬಾವಿಯಿಂದ ಕಡಿಮೆ ಎಂದರೂ 50 ಅಡಿ ದೂರ ಇರಲಿ. ಇಳಿಜಾರಿನಲ್ಲಿ ಬಾವಿಗಿಂತ ಕೆಳಗೆ ಇದ್ದರೆ ಇನ್ನೂ ಒಳ್ಳೆಯದು.

2018ರ ಆಗಸ್ಟ್ ನಿಮಗೆ ನೆನಪಿರಬಹುದು. ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದು ಸಾವಿರಾರು ಜನ ಮನೆ ಬಿಟ್ಟು ಶಿಬಿರಗಳಲ್ಲಿ ಇದ್ದರು. ಅಂಥ ಶಿಬಿರದಲ್ಲಿ ಅನ್ನದಷ್ಟೇ ಮುಖ್ಯ ಶುದ್ಧ ನೀರು ಮತ್ತು ಕಕ್ಕಸು. ನೂರಾರು ಜನ ಒಂದೇ ಟ್ಯಾಂಕಿನ ನೀರು ಕುಡಿಯುವಾಗ ಆ ಟ್ಯಾಂಕು ಕೆಟ್ಟರೆ ನೂರಾರು ಜನರೂ ಮಲಗುತ್ತಾರೆ.

ಒಂದು ಹಳೆಯ ಕಥೆ ಹೇಳುತ್ತೇವೆ, ಕೇಳಿ. ನಡೆದ ಕಥೆ. 1854ರಲ್ಲಿ ಲಂಡನ್ ನಗರದ ಒಂದು ಕೇರಿಯಲ್ಲಿ ಕಾಲರಾ ಬಂತು. ಹತ್ತು ದಿನದಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯಿಂದ ಬಂತು ಅಂತ ದೊಡ್ಡವರೆಲ್ಲ ಹೇಳಿದರು. ಜಾನ್ ಸ್ನೋ ಎಂಬ ವೈದ್ಯರು ಹಾಗೆ ಒಪ್ಪಿಕೊಳ್ಳಲಿಲ್ಲ. ಮನೆ ಮನೆಗೆ ಹೋಗಿ, "ನೀವು ಯಾವ ನೀರು ಕುಡಿದಿರಿ?" ಅಂತ ಕೇಳಿದರು. ಸತ್ತವರಲ್ಲಿ ಹೆಚ್ಚಿನವರು ಒಂದೇ ಕೈಪಂಪಿನ ನೀರು ಕುಡಿದಿದ್ದರು. ಆ ಪಂಪಿನ ಹಿಡಿಯನ್ನೇ ತೆಗೆಸಿದರು. ಸ್ನೋ ಅವರು ಕಾಲರಾದ ರೋಗಾಣುವನ್ನು ಕಂಡು ಹಿಡಿದಿರಲಿಲ್ಲ. ಆದರೂ ದಾರಿ ಕಂಡು ಹಿಡಿದರು. ಅವರು ಕೇಳಿದ ಪ್ರಶ್ನೆಯನ್ನು ನಮ್ಮ ಲೈನ್ ಮನೆಯಲ್ಲಿ ನಾವೂ ಕೇಳಬಹುದು. ನಾಲ್ಕು ಮನೆಯ ಮಕ್ಕಳಿಗೆ ಒಂದೇ ವಾರ ಭೇದಿ ಆದರೆ, ನಾಲ್ಕು ಮನೆಗೂ ನೀರು ಎಲ್ಲಿಂದ ಬಂತು ಅಂತ ನೋಡಿ.

ಭೇದಿ ಆದ ಮಗುವಿಗೆ ನೀರು ಕೊಡಬಾರದು ಅನ್ನುತ್ತಾರಲ್ಲ?

ಕೊಡಲೇಬೇಕು. ಭೇದಿಯಲ್ಲಿ ಮಗು ಸಾಯುವುದು ಹೆಚ್ಚಾಗಿ ಮೈಯಲ್ಲಿನ ನೀರು ಬತ್ತಿ ಹೋಗುವುದರಿಂದ. ಗಿಡಕ್ಕೆ ನೀರು ನಿಲ್ಲಿಸಿದರೆ ಬಾಡುತ್ತದೆ, ಅಲ್ಲವೇ? ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿಯಲ್ಲಿ ಓ.ಆರ್.ಎಸ್. ಪೊಟ್ಟಣ ಕೇಳಿ. ಸಿಗದಿದ್ದರೆ ಮನೆಯಲ್ಲೇ ಮಾಡಿ. ಕುದಿಸಿ ಆರಿಸಿದ ನೀರು 1 ಲೀಟರ್. ಸಕ್ಕರೆ 6 ಚಹಾ ಚಮಚ. ಉಪ್ಪು ಅರ್ಧ ಚಹಾ ಚಮಚ. ಚಮಚ ತಲೆ ಸವರಿ ಅಳೆಯಿರಿ. ಉಪ್ಪು ಹೆಚ್ಚಾಗಬಾರದು. ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ. ಮಗುವಿನ ಕಣ್ಣು ಗುಳಿ ಬಿದ್ದರೆ, ಮಲದಲ್ಲಿ ರಕ್ತ ಬಂದರೆ, ಮಗು ಏನೂ ಕುಡಿಯದಿದ್ದರೆ ಆಸ್ಪತ್ರೆಗೆ ಓಡಿ.

ಇಷ್ಟು ಸಣ್ಣ ಸೊಳ್ಳೆಯಿಂದ ಅಷ್ಟು ದೊಡ್ಡ ಜ್ವರವಾ?

ಅಂಚೆಯಣ್ಣ ಕಾಗದ ಬರೆಯುವುದಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ತಲುಪಿಸುತ್ತಾನೆ. ಸೊಳ್ಳೆಯ ಕೆಲಸವೂ ಅದೇ. ರೋಗ ಇರುವವರ ರಕ್ತ ಕುಡಿದು, ಕೆಲವು ದಿನ ಬಿಟ್ಟು, ಇನ್ನೊಬ್ಬರಿಗೆ ಕಚ್ಚಿ ರೋಗ ಮುಟ್ಟಿಸುತ್ತದೆ. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬೆಳೆಯಲು ಅದಕ್ಕೆ ರಕ್ತ ಬೇಕು. (ಇದನ್ನು ಕೇಳಿ ಗಂಡಸರು ನಗಬಹುದು. ನಗಲಿ. ತೊಟ್ಟಿ ತೊಳೆಯುವಾಗ ಅವರನ್ನೂ ಕರೆಯಿರಿ.)

ಹಿಂದೆ ಕೊಡಗಿನಲ್ಲಿ ಮಲೇರಿಯಾ ಬಹಳ ಇತ್ತು. ಚಳಿ ಜ್ವರ ಅಂತ ಕರೆಯುತ್ತಿದ್ದರು. ಕಾಡಿನ ಕೆಟ್ಟ ಗಾಳಿಯಿಂದ ಅದು ಬರುತ್ತದೆ ಅಂತ ಜನ ನಂಬಿದ್ದರು. ಮಲೇರಿಯಾ ಅನ್ನುವ ಹೆಸರಿಗೂ ಕೆಟ್ಟ ಗಾಳಿ ಅಂತಲೇ ಅರ್ಥ. ಸಿಕಂದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದ ರೊನಾಲ್ಡ್ ರಾಸ್ ಎಂಬ ವೈದ್ಯರು 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡರು. ದಾರಿ ಗೊತ್ತಾಯಿತು. 1953ರಲ್ಲಿ ಸರ್ಕಾರ ದೇಶದಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಮನೆ ಮನೆಗೆ ಡಿ.ಡಿ.ಟಿ. ಹೊಡೆದರು. ರೋಗ ಬಹಳ ಕಡಿಮೆ ಆಯಿತು.

ಈಗ ಹೆಚ್ಚು ಕಾಡುವುದು ಡೆಂಗಿ ಜ್ವರ. ಈ ಸೊಳ್ಳೆ ಹಗಲು ಹೊತ್ತು ಕಚ್ಚುತ್ತದೆ. ಚರಂಡಿಗಿಂತ ಮನೆಯ ಸುತ್ತ ನಿಂತ ತಿಳಿ ನೀರೇ ಇದಕ್ಕೆ ಇಷ್ಟ. ತೆಂಗಿನ ಚಿಪ್ಪು, ಹಳೆಯ ಟೈರು, ಅಡಿಕೆ ಹಾಳೆ, ಕೋಳಿಗೆ ನೀರಿಟ್ಟ ಬಟ್ಟಲು, ಸೂರಿನ ಮೇಲೆ ಹಾಸಿದ ಪ್ಲಾಸ್ಟಿಕ್ಕಿನ ಮಡಿಕೆ, ಇಷ್ಟು ಜಾಗ ಸಾಕು. ಮೊಟ್ಟೆ ಸೊಳ್ಳೆ ಆಗಲು ಸುಮಾರು ಒಂದು ವಾರದಿಂದ ಹತ್ತು ದಿನ ಬೇಕು. ಅದಕ್ಕೇ ವಾರಕ್ಕೆ ಒಂದು ದಿನ ನೀರು ಚೆಲ್ಲಿ ಅಂತ ಹೇಳುವುದು. ಸಂತೆ ದಿನ ಅಂತ ಇಟ್ಟುಕೊಳ್ಳಿ, ಮರೆಯುವುದಿಲ್ಲ. ಚೆಲ್ಲಿದರೆ ಸಾಲದು. ಡ್ರಮ್ಮಿನ ಒಳಗೆ ತೆಂಗಿನ ನಾರಿನಿಂದ ಉಜ್ಜಬೇಕು. ಮೊಟ್ಟೆಗಳು ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ಮುಂದಿನ ಮಳೆಗೆ ಮತ್ತೆ ಏಳುತ್ತವೆ.

ಡೆಂಗಿಯಲ್ಲಿ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಎಲುಬು ಮುರಿದ ಹಾಗೆ ಮೈ ನೋವು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚುತ್ತದೆ. ಜ್ವರ ಇಳಿದ ದಿನವೇ ಹೆಚ್ಚು ಎಚ್ಚರ ಬೇಕು. ಆಗ ಹೊಟ್ಟೆ ನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಪಪ್ಪಾಯಿ ಎಲೆಯ ರಸ ಕುಡಿಸುತ್ತಾ ಮನೆಯಲ್ಲೇ ಕೂರಬೇಡಿ. ಆಸ್ಪತ್ರೆಗೆ ಹೋಗಿ.

ಗದ್ದೆಯಲ್ಲಿ ಮತ್ತು ಕಾಡಿನಲ್ಲಿ

ನಾಟಿ ಮಾಡುವವರು ಹೆಚ್ಚಾಗಿ ಹೆಂಗಸರು. ಇಡೀ ದಿನ ಕೆಸರಿನಲ್ಲಿ ಬರಿಗಾಲು. ಇಲಿ, ಹೆಗ್ಗಣ, ದನಗಳ ಮೂತ್ರ ಆ ನೀರಿಗೆ ಸೇರಿರುತ್ತದೆ. ಅದರಲ್ಲಿನ ರೋಗಾಣು ಕಾಲಿನ ಬಿರುಕಿನಿಂದ, ಗಾಯದಿಂದ ಒಳಗೆ ಹೋಗುತ್ತದೆ. ಇದು ಇಲಿ ಜ್ವರ. ಜ್ವರದ ಜೊತೆಗೆ ಮೀನಖಂಡ ಹಿಂಡಿದ ಹಾಗೆ ನೋವು, ಕೆಂಪು ಕಣ್ಣು. ಬೇಗ ಹೋದರೆ ಸುಲಭದ ಮದ್ದು ಇದೆ. ತಡ ಮಾಡಿದರೆ ಮೂತ್ರಪಿಂಡ, ಪಿತ್ತಜನಕಾಂಗ ಕೆಡುತ್ತದೆ. ವೈದ್ಯರ ಹತ್ತಿರ "ನಾನು ಗದ್ದೆಯಲ್ಲಿ ಕೆಲಸ ಮಾಡುತ್ತೇನೆ" ಅಂತ ಬಾಯಿ ಬಿಟ್ಟು ಹೇಳಿ. ಆ ಒಂದು ಮಾತಿನಿಂದ ಅವರಿಗೆ ದಾರಿ ಗೊತ್ತಾಗುತ್ತದೆ. ಕಾಲಿನಲ್ಲಿ ಗಾಯ ಇದ್ದರೆ ಗಂಬೂಟು ಇಲ್ಲದೆ ನೀರಿಗೆ ಇಳಿಯಬೇಡಿ.

ಕಾಡಿಗೆ ಸೌದೆಗೆ, ಜೇನಿಗೆ ಹೋಗುವವರು ಮಂಗನ ಕಾಯಿಲೆಯ ಕಥೆ ತಿಳಿದಿರಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಯ ಜನರಿಗೂ ಜ್ವರ ಬಂತು. ಮಂಗ ಸತ್ತದ್ದಕ್ಕೂ ಮನುಷ್ಯರ ಜ್ವರಕ್ಕೂ ಏನು ಸಂಬಂಧ? ಪುಣೆಯಿಂದ ವಿಜ್ಞಾನಿಗಳು ಬಂದು ಹುಡುಕಿದರು. ನಡುವೆ ಇದ್ದದ್ದು ಉಣ್ಣೆ. ದನದ ಕಿವಿಯಲ್ಲಿ ಕಚ್ಚಿಕೊಂಡಿರುತ್ತದಲ್ಲ, ಆ ಜಾತಿಯ ಹುಳು. ಮಂಗ ಸತ್ತ ಮೇಲೆ ಉಣ್ಣೆಗಳು ಕೆಳಗೆ ಬೀಳುತ್ತವೆ. ಆ ಜಾಗದಲ್ಲಿ ನಡೆದವರಿಗೆ ಹತ್ತುತ್ತವೆ. ಈ ಜ್ವರ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಮುಂದೆ ಅದು ಬಂಡೀಪುರದ ಕಡೆ, ಕೇರಳದ ವಯನಾಡಿನಲ್ಲೂ ಕಾಣಿಸಿತು. ವಯನಾಡು ನಮಗೆ ದೂರವಲ್ಲ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ. ಅರಣ್ಯ ಇಲಾಖೆಗೋ ಆಶಾ ಕಾರ್ಯಕರ್ತೆಗೋ ತಿಳಿಸಿ. ಕಾಡಿನಿಂದ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಿರಿ.

ನಾಯಿ ಕಚ್ಚಿದರೆ? ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಖಾರದ ಪುಡಿ, ಸೀಮೆ ಎಣ್ಣೆ ಹಾಕಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಿ. ಹೇಳಿದ ದಿನಗಳಲ್ಲಿ ಎಲ್ಲವನ್ನೂ ಹಾಕಿಸಿಕೊಳ್ಳಿ. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಮದ್ದು ಇಲ್ಲ.

ಕ್ಷಯದವರ ತಟ್ಟೆ ಬೇರೆ ಇಡಬೇಕಾ?

ಬೇಡ. ಕ್ಷಯ ಅಂದರೆ ಟಿ.ಬಿ., ತಟ್ಟೆಯಿಂದ ಬರುವುದಿಲ್ಲ. ಬಟ್ಟೆಯಿಂದಲೂ ಬರುವುದಿಲ್ಲ. ಅದು ಬರುವುದು ಗಾಳಿಯಿಂದ. ರೋಗಿ ಕೆಮ್ಮಿದಾಗ ರೋಗಾಣು ಗಾಳಿಗೆ ಸೇರುತ್ತದೆ. ಕಿಟಕಿ ಇಲ್ಲದ ಕೋಣೆಯಲ್ಲಿ ಜೊತೆಗೆ ಇರುವವರಿಗೆ ಹತ್ತುತ್ತದೆ. ಆದ್ದರಿಂದ ತಟ್ಟೆ ಬೇರೆ ಮಾಡುವ ಬದಲು ಕಿಟಕಿ ತೆರೆಯಿರಿ. ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಔಷಧಿಗೂ ಹಣ ಇಲ್ಲ. ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ಎರಡು ತಿಂಗಳಿಗೆ ಮೈ ಹಗುರ ಆಯಿತು ಅಂತ ಬಿಟ್ಟರೆ ರೋಗ ಇನ್ನೂ ಗಟ್ಟಿಯಾಗಿ ತಿರುಗಿ ಬರುತ್ತದೆ.

ಮಗಳಿಗೆ ಮದುವೆ ಆಗುವುದಿಲ್ಲ ಅಂತ ಟಿ.ಬಿ.ಯನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟರೆ ಮನೆಯ ಸಣ್ಣ ಮಕ್ಕಳಿಗೆ ಅಂಟುತ್ತದೆ. ಮದ್ದು ಸರಿಯಾಗಿ ಮುಗಿಸಿದ ಹುಡುಗಿ ಮದುವೆ ಆಗಬಹುದು, ಮಕ್ಕಳನ್ನು ಹೆರಬಹುದು.

ಮೈಮೇಲೆ ಅಮ್ಮ ಬಂದರೆ ಮದ್ದು ಮಾಡಬಹುದಾ?

ಸಿಡುಬಿಗೆ ಹಿಂದಿನವರು ಅಮ್ಮ ಅಂತ ಹೆಸರಿಟ್ಟಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಹೊರಗಿನವರನ್ನು ದೂರ ಇಡುತ್ತಿದ್ದರು. ಆ ದೂರ ಇಡುವುದು ಒಳ್ಳೆಯದೇ ಆಗಿತ್ತು. ಆದರೆ ಸಿಡುಬನ್ನು ಓಡಿಸಿದ್ದು ಲಸಿಕೆ. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಲೋಕದಲ್ಲೇ ಇಲ್ಲ ಅಂತ ಸಾರಿದರು. ಈಗ ಅಮ್ಮ ಅಂತ ಕರೆಯುವುದು ದಡಾರ ಅಥವಾ ಸೀತಾಳೆ ಸಿಡುಬನ್ನು. ದಡಾರಕ್ಕೆ ಲಸಿಕೆ ಇದೆ. ಮಗುವಿಗೆ 9 ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು. ದಡಾರ ಆದ ಮಗುವನ್ನು ವೈದ್ಯರಿಗೆ ತೋರಿಸಿ. ದೇವರಿಗೆ ಕೈ ಮುಗಿಯುವುದಕ್ಕೂ ಸೂಜಿ ಹಾಕಿಸುವುದಕ್ಕೂ ಜಗಳ ಇಲ್ಲ.

ಹರಡದ ರೋಗವೂ ಇದೆಯಾ?

ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಯಾರಿಂದಲೂ ಅಂಟುವುದಿಲ್ಲ. ಇನ್ನೊಂದನ್ನು ನಮ್ಮ ಜಿಲ್ಲೆಯವರು ತಿಳಿಯಲೇಬೇಕು. ಅದು ಕುಡಗೋಲು ಕಣ ರಕ್ತಹೀನತೆ. ಸಿಕಲ್ ಸೆಲ್ ಅಂತಲೂ ಹೇಳುತ್ತಾರೆ. ಜೇನುಕುರುಬ, ಯರವ ಸಮುದಾಯಗಳಲ್ಲಿ ಇದು ಕಂಡುಬಂದಿದೆ. ದುಂಡಗೆ ಇರಬೇಕಾದ ರಕ್ತದ ಕಣ ಕುಡಗೋಲಿನ ಹಾಗೆ ಬಾಗುತ್ತದೆ. ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮಗುವಿಗೆ ಕೈಕಾಲು ಗಂಟುಗಳಲ್ಲಿ ತಡೆಯಲಾರದ ನೋವು, ನಿಶ್ಶಕ್ತಿ. ಮಾಟ ಮಾಡಿಸಿದ್ದಾರೆ ಅಂತ ಜನ ಹೇಳುತ್ತಾರೆ. ತಾಯಿಯ ಕಾಲ್ಗುಣ ಅನ್ನುತ್ತಾರೆ.

ಅದು ತಾಯಿಯೊಬ್ಬಳಿಂದ ಬರುವುದಿಲ್ಲ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದು ಸೇರಿದಾಗ ಮಾತ್ರ ರೋಗ ಆಗುತ್ತದೆ. ಒಂದೇ ಅರ್ಧ ಇರುವವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಇಬ್ಬರಲ್ಲೂ ಆ ಅರ್ಧ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ರಕ್ತ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿಯೇ ಒಂದು ಕಾರ್ಯಕ್ರಮ ಶುರು ಮಾಡಿತು. ಮದುವೆಗೆ ಮೊದಲು ಹುಡುಗ, ಹುಡುಗಿ ಇಬ್ಬರಿಗೂ ಪರೀಕ್ಷೆ ಮಾಡಿಸಿ. ಹುಡುಗಿಗೆ ಮಾತ್ರ ಅಲ್ಲ.

ಓದಿ, ಬರೆಯಿರಿ

ನಿಮ್ಮ ಮನೆಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅದರ ಮೇಲ್ಭಾಗದಲ್ಲಿ ಏನೇನು ಇದೆ? ಹೋಗಿ ನೋಡಿ ಬಂದು ನಾಲ್ಕು ಸಾಲು ಬರೆಯಿರಿ.

ದೊಡ್ಡ ತೋಟಗಳಲ್ಲಿ ಕೆಲಸಗಾರರಿಗೆ ಕುಡಿಯುವ ನೀರು, ಕಕ್ಕಸು ಕೊಡಬೇಕು ಎಂದು 1951ರಲ್ಲೇ ಕಾನೂನು ಬಂತು. ಊರಿನ ಟ್ಯಾಂಕು, ಬಾವಿ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿಯ ಕೆಲಸ. ಕೆಳಗಿನ ಅರ್ಜಿಯನ್ನು ನಿಮ್ಮ ಕೈಯಿಂದ ಬರೆಯಿರಿ. ಖಾಲಿ ಜಾಗ ತುಂಬಿರಿ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ,
............ ಗ್ರಾಮ ಪಂಚಾಯಿತಿ.
ಮಾನ್ಯರೇ,
ನಮ್ಮ ............ ಕೇರಿಯಲ್ಲಿ ............ ಮನೆಗಳಿವೆ. ನಾವೆಲ್ಲ ಒಂದೇ ಟ್ಯಾಂಕಿನ ನೀರು ಕುಡಿಯುತ್ತೇವೆ. ಟ್ಯಾಂಕು ತೊಳೆದು ............ ತಿಂಗಳಾಗಿದೆ. ............ ಮಕ್ಕಳಿಗೆ ಭೇದಿ ಆಗಿದೆ. ಟ್ಯಾಂಕು ತೊಳೆಸಿ, ಬ್ಲೀಚಿಂಗ್ ಪುಡಿ ಹಾಕಿಸಿ, ನೀರನ್ನು ಪರೀಕ್ಷೆ ಮಾಡಿಸಬೇಕಾಗಿ ಕೇಳಿಕೊಳ್ಳುತ್ತೇವೆ.
ತಾರೀಕು: ............
ಸಹಿಗಳು: ............

ಎರಡು ಪ್ರತಿ ಬರೆಯಿರಿ. ಒಂದನ್ನು ಕಚೇರಿಯಲ್ಲಿ ಕೊಡಿ. ಇನ್ನೊಂದರ ಮೇಲೆ ಮೊಹರು, ತಾರೀಕು ಹಾಕಿಸಿಕೊಂಡು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ. ಹದಿನೈದು ದಿನದಲ್ಲಿ ಕೆಲಸ ಆಗದಿದ್ದರೆ ಅದನ್ನು ಹಿಡಿದುಕೊಂಡು ನಾಲ್ಕು ಜನ ಒಟ್ಟಿಗೆ ಹೋಗಿ ಕೇಳಿ.